ಗರಗಸ ಹಿಡಿಯುವ ಮೊದಲು



ಮರವೈದ್ಯರಾಗಿ ಬದುಕು ಕಟ್ಟಿಕೊಳ್ಳುವುದು ಹೇಗೆ ಎಂಬುದು ಈ ವಿಚಾರ ಸಂಕಿರಣದ ವಿಷಯ. ಆರ್ಬರಿಸ್ಟ್ ಎಂಬ ಪದ ನಮ್ಮಲ್ಲಿ ಹೊಸದು, ಕೆಲಸವೇನೂ ಹೊಸದಲ್ಲ. ಸುಮಾರು 1025ರಲ್ಲಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಜಾಗವಿದೆ. ಮರಕ್ಕೂ ರೋಗವಿದೆ, ಮದ್ದಿದೆ ಎಂಬ ತಿಳಿವಳಿಕೆ ನಮ್ಮ ಭಾಷೆಯಲ್ಲಿ ಸಾವಿರ ವರ್ಷದಿಂದ ಇದೆ. ಆದರೂ ಇವತ್ತು ಮನೆ ಮುಂದಿನ ಮರಕ್ಕೆ ಏನೋ ಆಗಿದೆ ಎಂದು ಅನ್ನಿಸಿದರೆ ನಾವು ಕರೆಯುವುದು ಕಡಿಯುವವರನ್ನು.

ನಾನೂ ಕಡಿಸಿದವನೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಮಳೆಮರದ ದಪ್ಪ ಕೊಂಬೆಯೊಂದು ತಾರಸಿಯ ಮೇಲೆ ಚಾಚಿತ್ತು. ಎದುರು ನಿಂತು, ಕಾಂಡಕ್ಕೆ ಸಮನಾಗಿ, ಗೋಡೆಗೆ ಗಾರೆ ಮಾಡಿದಷ್ಟು ನುಣ್ಣಗೆ ಕೊಯ್ಯಿಸಿದೆ. ಗಾಯಕ್ಕೆ ಟಾರು ಬಳಿಸಿದೆ. ಮನೆಯವರು ಕಾಫಿ ಕೊಟ್ಟು ಮೆಚ್ಚಿದರು. ಎಂಟು ವರ್ಷ ಕಳೆದು ಅದೇ ಬೀದಿಗೆ ಹೋದಾಗ, ನಾನು ನುಣ್ಣಗೆ ಮಾಡಿದ ಜಾಗದಲ್ಲಿ ಮೊಣಕೈವರೆಗೂ ಕೈ ತೂರುವ ಪೊಟರೆ ಇತ್ತು. ಒಳಗಿನ ಕಟ್ಟಿಗೆ ನೆನೆದ ರಸ್ಕಿನಂತೆ ಪುಡಿಯಾಗಿ ಬೆರಳಿಗೆ ಬಂತು.

ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬಳೆಯ ಹಾಗೆ ಉಬ್ಬಿದ ಒಂದು ಭಾಗವಿರುತ್ತದೆ. ನಾಳೆ ಯಾವುದಾದರೂ ಮರದ ಹತ್ತಿರ ಹೋಗಿ ಸವರಿ ನೋಡಿ, ಕೈಗೆ ಸಿಗುತ್ತದೆ. ಆ ಬಳೆ ಕಾಂಡದ್ದು, ಕೊಂಬೆಯದಲ್ಲ. ಕೊಳೆ ಒಳನುಗ್ಗದಂತೆ ತಡೆಯುವ ಅಡ್ಡಗೋಡೆ ಇರುವುದು ಅಲ್ಲೇ. ನಾನು ಕೊಯ್ಯಿಸಿದ್ದು ಅದನ್ನೇ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೋ ಸಾವಿರಾರು ಮರಗಳನ್ನು ಉದ್ದುದ್ದಕ್ಕೆ ಸೀಳಿ ನೋಡಿ ಈ ವಿಷಯವನ್ನು ಜಗತ್ತಿಗೆ ತಿಳಿಸಿದರು. 1977ರಲ್ಲಿ ಅವರ ಪ್ರಸಿದ್ಧ ವರದಿ ಬಂತು. ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿಕೊಂಡು, ಅದರಾಚೆ ಹೊಸದಾಗಿ ಬೆಳೆಯುತ್ತದೆ. ಟಾರು ಕೊಳೆಯನ್ನು ತಡೆಯುವುದಿಲ್ಲ ಎಂದೂ ಅವರು ತೋರಿಸಿದರು. ಹಾಗಾಗಿ ದಪ್ಪ ಕೊಂಬೆಯನ್ನು ಮೂರು ಸಲ ಕೊಯ್ಯಬೇಕು. ಮೊದಲು ಬುಡದಿಂದ ತುಸು ದೂರದಲ್ಲಿ ಕೆಳಗಡೆಯಿಂದ ಒಂದು ಕಚ್ಚು, ಇಲ್ಲದಿದ್ದರೆ ಕೊಂಬೆ ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಇನ್ನೂ ಸ್ವಲ್ಪ ಆಚೆ ಮೇಲಿನಿಂದ ಎರಡನೆಯದು, ಭಾರ ಇಳಿಸಲು. ಕೊನೆಯದು ಬಳೆಗೆ ತಾಗದಂತೆ, ಅದರ ಹೊರಗೆ.

ಇಷ್ಟನ್ನು ಪುಸ್ತಕದಿಂದ ಕಲಿಯಬಹುದು. ನಲವತ್ತಡಿ ಮೇಲೆ ಹಗ್ಗಕ್ಕೆ ಜೋತುಬಿದ್ದು ಮಾಡುವುದನ್ನು ಪುಸ್ತಕ ಕಲಿಸುವುದಿಲ್ಲ. ಅದನ್ನು ಬಲ್ಲವರು ನಮ್ಮ ಮಲೆನಾಡಿನಲ್ಲೇ ಇದ್ದಾರೆ. ಕಾಲಿಗೆ ತಳೆ ಹಾಕಿ ಅಡಿಕೆ ಮರ ಏರಿ, ಇಳಿಯದೆಯೇ ಪಕ್ಕದ ಮರಕ್ಕೆ ದಾಟುವ ಕೊನೆಗೌಡನನ್ನು ನೋಡಿದ್ದೀರಲ್ಲ? ಯಾವ ಮರ ತನ್ನ ಭಾರ ತಡೆಯುತ್ತದೆ ಎಂದು ಅವನು ಕೈಯಿಟ್ಟೇ ಹೇಳುತ್ತಾನೆ. ತೆಂಗಿನ ಬುಡದಲ್ಲಿ ಅಣಬೆ ಎದ್ದರೆ ಒಳಗೆ ಏನಾಗಿದೆ ಎಂದು ಅರಸೀಕೆರೆಯ ರೈತನಿಗೆ ಗೊತ್ತು. ನಗರದ ಮರವೈದ್ಯನೂ ಬುಡದ ಅಣಬೆಯನ್ನೇ ಮೊದಲು ಹುಡುಕುವುದು. ಈ ಕಸುಬಿನವರಿಗೆ ಪ್ರಮಾಣಪತ್ರವಿಲ್ಲ, ಶಿರಸಿ ಪೊನ್ನಂಪೇಟೆಗಳಲ್ಲಿ ಓದಿದ ಪದವೀಧರರಿಗೆ ಹಗ್ಗದ ಅಭ್ಯಾಸವಿಲ್ಲ. ನಾನು ಇವತ್ತು ಹೇಳಬೇಕಾದದ್ದು ಇಷ್ಟೇ: ಈ ಇಬ್ಬರೂ ಒಬ್ಬರೇ ಆಗುವವರೆಗೆ ಕರ್ನಾಟಕದಲ್ಲಿ ಆರ್ಬರಿಸ್ಟ್ ಎಂಬ ವೃತ್ತಿ ಹುಟ್ಟುವುದಿಲ್ಲ.

ಹಾಗಾಗಿ ಹೊಸಬರಿಗೆ ನನ್ನ ಸಲಹೆ: ಮೊದಲ ವರ್ಷ ನೆಲದ ಮೇಲಿರಿ. ಹಗ್ಗ ಹಿಡಿಯಿರಿ, ಗಂಟು ಕಲಿಯಿರಿ, ಬಿದ್ದ ಕೊಂಬೆ ಎಳೆಯಿರಿ. ಮರದ ಸುತ್ತಿಗೆಯಿಂದ ಕಾಂಡ ತಟ್ಟಿ, ಗಟ್ಟಿ ಸದ್ದು ಎಲ್ಲಿ ಟೊಳ್ಳಾಗುತ್ತದೆ ಎಂದು ಕಿವಿಗೊಡಿ. ಚೈನ್‌ಸಾ ಆಮೇಲೆ. ಅಮೆರಿಕದಲ್ಲಿ 1924ರಲ್ಲಿ ಹುಟ್ಟಿ ಇವತ್ತು ಅಂತರರಾಷ್ಟ್ರೀಯ ಆರ್ಬರಿಕಲ್ಚರ್ ಸೊಸೈಟಿ ಎನಿಸಿಕೊಂಡಿರುವ ಸಂಸ್ಥೆ ಪ್ರಮಾಣಪತ್ರ ಕೊಡುತ್ತದೆ. ಬರೀ ಅನುಭವದ ಮೇಲೆ ಆ ಪರೀಕ್ಷೆಗೆ ಕೂರುವವರು ಮೂರು ವರ್ಷ ಕೆಲಸ ಮಾಡಿರಬೇಕು, ಸಂಬಂಧಪಟ್ಟ ಪದವಿ ಇದ್ದರೆ ಕಡಿಮೆ ಸಾಕು. ಒಬ್ಬರೇ ಎಂದೂ ಮರ ಹತ್ತಬೇಡಿ. ವಿದ್ಯುತ್ ತಂತಿ ಹತ್ತಿರವಿದ್ದರೆ ಲೈನ್ ಆಫ್ ಆಗಿದೆ ಎಂದು ಖಾತ್ರಿಯಾಗದೆ ಏಣಿ ಇಡಬೇಡಿ.

ಸಂಪಾದನೆಯ ಮಾತನ್ನೂ ಬಿಡಬಾರದು. ಕಡಿಯಲು ಹಣ ಕೊಡುವವರು ತಕ್ಷಣ ಸಿಗುತ್ತಾರೆ, ನೋಡಿಕೊಳ್ಳಲು ಕೊಡುವವರು ತಡವಾಗಿ ಸಿಗುತ್ತಾರೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆ ಅರ್ಜಿಯ ಮುಂದೆ ನಿಂತು ಈ ಮರ ಉಳಿಯುತ್ತದೆ, ಇದು ಉಳಿಯುವುದಿಲ್ಲ ಎಂದು ಕಾರಣ ಸಹಿತ ಬರೆದುಕೊಡಬಲ್ಲವರು ನೀವಾಗಬೇಕು. ಅಪಾರ್ಟ್‌ಮೆಂಟ್‌ಗಳು, ಕಾಲೇಜು ಆವರಣಗಳು, ಆಸ್ಪತ್ರೆಗಳು ಅಂಥವರನ್ನು ಹುಡುಕಲು ಶುರು ಮಾಡಿವೆ.

1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಕ್ರುಂಬಿಗಲ್, ವರ್ಷವಿಡೀ ಒಂದಲ್ಲ ಒಂದು ಬೀದಿ ಹೂವಿಂದ ತುಂಬಿರಲೆಂದು ಬೆಂಗಳೂರಿಗೆ ಮರಗಳನ್ನು ಆರಿಸಿದರು. ಅಂಥ ಬೀದಿಮರಗಳು ಈಗ ಮುಪ್ಪಾಗಿವೆ. ಬುಡದವರೆಗೂ ಕಾಂಕ್ರೀಟ್ ಹಾಕಿದ್ದೇವೆ, ಚರಂಡಿಗೂ ಕೇಬಲ್ಲಿಗೂ ಬೇರು ಕತ್ತರಿಸಿದ್ದೇವೆ, ಬೋರ್ಡು ತೂಗಲು ಮೊಳೆ ಹೊಡೆದಿದ್ದೇವೆ. ಏಪ್ರಿಲ್ ಮೇ ತಿಂಗಳ ಗಾಳಿಮಳೆಗೆ ಮರ ಉರುಳಿದರೆ ಮಾತ್ರ ತಪ್ಪು ಮರದ್ದು ಎನ್ನುತ್ತೇವೆ.

ಸಂಘಟಕರಲ್ಲಿ ನನ್ನದು ಎರಡು ಬಿನ್ನಹ. ಅರಣ್ಯ ಮತ್ತು ತೋಟಗಾರಿಕೆ ಪದವಿಯ ಕೊನೆಯ ವರ್ಷದಲ್ಲಿ ಒಂದು ಸೆಮಿಸ್ಟರ್ ಹಗ್ಗದ ಮೇಲೆ ಕಳೆಯಬೇಕು, ಕಲಿಸುವವರು ಇಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿರುವ ಮರ ಹತ್ತುವ ಕಸುಬಿನ ಅಣ್ಣಂದಿರಾಗಬೇಕು, ಅವರಿಗೆ ಉಪನ್ಯಾಸಕರ ಸಂಭಾವನೆಯೇ ಸಲ್ಲಬೇಕು. ಮರ ಹತ್ತುವ ಪ್ರತಿಯೊಬ್ಬರಿಗೂ ವಿಮೆ ಇಲ್ಲದೆ ಯಾವ ಕಚೇರಿಯೂ ಗುತ್ತಿಗೆ ಕೊಡಬಾರದು. ಸಂಜೆ ನಿರ್ಣಯ ಬರೆಯುವಾಗ ಈ ಎರಡೂ ಅದರಲ್ಲಿರಲಿ.

ನಾಳೆ ಬೆಳಿಗ್ಗೆ ಏಳಕ್ಕೆ ಆವರಣದ ಮಳೆಮರದ ಕೆಳಗೆ ಪ್ರಾತ್ಯಕ್ಷಿಕೆ ಇದೆ. ವಿದ್ಯಾರ್ಥಿಗಳು ಗರಗಸ ತರಬೇಡಿ. ಒಂದು ಮರದ ಸುತ್ತಿಗೆ, ಒಂದು ನೋಟ್‌ಬುಕ್ ತನ್ನಿ.