ಹಿತ್ತಿಲಿಗೆ ನಮ್ಮ ಬೆಟ್ಟದ ಪೊದೆಗಿಡಗಳು



ವನಮಹೋತ್ಸವ ಆರಂಭವಾದುದು 1950ರಲ್ಲಿ. ಅಂದಿನಿಂದಲೂ ನಾವು ಎಣಿಸುತ್ತ ಬಂದಿರುವುದು ನೆಟ್ಟ ಗಿಡಗಳನ್ನು. ಮರುವರ್ಷಕ್ಕೆ ಬದುಕಿ ಉಳಿದವುಗಳನ್ನಲ್ಲ. ಅದರಲ್ಲಿಯೂ ಲೆಕ್ಕಕ್ಕೆ ಬರುವುದು ಮರಗಳು ಮಾತ್ರ. ಕುಸುಮಾಲೆ, ಕವಳಿ, ನೆಕ್ಕರಿಕ, ಬೆಳ್ಳಟ್ಟೆ, ಲಕ್ಕಿ ಮೊದಲಾದ ಪೊದೆಗಿಡಗಳನ್ನು ಕೇಳುವವರಿಲ್ಲ. ಬೆಟ್ಟದಲ್ಲಿ ಇವುಗಳ ಜಾಗವನ್ನು ಹೊರನಾಡಿನಿಂದ ಬಂದ ಲಂಟಾನ, ಯುಪಟೋರಿಯಂ ಕಳೆಗಳು ಆಕ್ರಮಿಸಿವೆ. ಹಿತ್ತಿಲಿನಲ್ಲಿ ಕ್ರೋಟನ್ ಬಂದು ಕುಳಿತಿದೆ. ತಂಬುಳಿಗೆ ಕುಸುಮಾಲೆಯ ಕುಡಿ ಬೇಕೆಂದರೆ ಮೈಲಿ ನಡೆಯಬೇಕಾಗಿದೆ.

“ಬೆಟ್ಟದ ಗಿಡ ಹಿತ್ತಿಲಿಗೆ ಒಗ್ಗದು” ಎಂಬ ಮಾತನ್ನು ಹಲವರು ಹೇಳುತ್ತಾರೆ. ನಾನೂ ಒಮ್ಮೆ ಹಾಗೆಯೇ ನಂಬಿದ್ದೆ. ಅಂಗಳದ ಅಂಚಿಗೆ ನೆಟ್ಟ ಕುಸುಮಾಲೆಯ ಸಸಿಗಳು ಒಂದೇ ಮಳೆಗಾಲದಲ್ಲಿ ಎಲೆ ಹಳದಿಯಾಗಿ ಸತ್ತವು. ಕಿತ್ತು ನೋಡಿದರೆ ಬೇರು ಕೊಳೆತಿತ್ತು. ತಪ್ಪು ಗಿಡದ್ದಾಗಿರಲಿಲ್ಲ, ನಾನು ತೋಡಿದ ಗುಂಡಿಯದಾಗಿತ್ತು.

ತೆಂಗಿನ ಸಸಿಗೆ ತೋಡುವಂತೆ ಎರಡು ಮೊಳ ಆಳ ತೋಡಿ, ಗೊಬ್ಬರ ತುಂಬಿ, ಅದರ ಮೇಲೆ ಸಸಿ ಇಟ್ಟಿದ್ದೆ. ಜಂಬಿಟ್ಟಿಗೆಯ ಗಟ್ಟಿ ನೆಲದಲ್ಲಿ ಅಂತಹ ಗುಂಡಿ ಒಂದು ಹಂಡೆಯಿದ್ದಂತೆ. ಆಷಾಢದ ಮಳೆಯ ನೀರು ಅದರೊಳಕ್ಕೆ ಇಳಿಯುತ್ತದೆ, ಹೊರಹೋಗಲು ದಾರಿಯಿರುವುದಿಲ್ಲ. ಬೇರಿಗೂ ಗಾಳಿ ಬೇಕೆಂಬುದನ್ನು ನಾವು ಮರೆಯುತ್ತೇವೆ. ಸಾಲದೆಂಬಂತೆ, ಕೆಳಗಿನ ಗೊಬ್ಬರ ಕೊಳೆತು ಕುಸಿದಂತೆಲ್ಲ ಸಸಿಯೂ ಕುಸಿದು, ಕಾಂಡವೂ ಬೇರೂ ಕೂಡುವ ಕತ್ತು ಕೆಸರಿನಲ್ಲಿ ಹೂತುಹೋಗುತ್ತದೆ.

ಆದುದರಿಂದ ಗುಂಡಿಯ ಆಳ ಸಸಿಯ ಬೇರುಮುದ್ದೆಯಷ್ಟೇ ಇರಲಿ. ಅಗಲ ಮಾತ್ರ ಅದರ ಎರಡು ಮೂರು ಪಟ್ಟು ಇರಲಿ. ಗುಂಡಿಯ ಗೋಡೆಯನ್ನು ನುಣುಪಾಗಿ ಬಿಡದೆ ಪಿಕಾಸಿಯಿಂದ ಕೆತ್ತಿ ಒರಟಾಗಿಸಬೇಕು. ತೆಗೆದ ಮಣ್ಣನ್ನೇ ಮರಳಿ ತುಂಬಿ, ಕೈಯಿಂದ ಒತ್ತಿ, ಕತ್ತು ನೆಲಮಟ್ಟಕ್ಕಿಂತ ಒಂದು ಬೆರಳು ಮೇಲೆ ನಿಲ್ಲುವಂತೆ ನೋಡಿಕೊಳ್ಳಬೇಕು. ಗೊಬ್ಬರವೇನಿದ್ದರೂ ಮೇಲೆ ಹರಡಿದರೆ ಸಾಕು. ನೆಕ್ಕರಿಕಕ್ಕಂತೂ ಹುಳಿಮಣ್ಣೇ ಪ್ರಿಯ. ತೋಟದ ಅಭ್ಯಾಸಬಲದಿಂದ ಅದರ ಬುಡಕ್ಕೆ ಸುಣ್ಣವನ್ನಾಗಲಿ ಬೂದಿಯನ್ನಾಗಲಿ ಹಾಕಬೇಡಿ.

ಪ್ಲಾಸ್ಟಿಕ್ ಕೊಟ್ಟೆಯ ಸಮೇತ ನೆಟ್ಟು “ಬೇರು ತಾನಾಗಿ ಹರಿದುಕೊಂಡು ಬರುತ್ತದೆ” ಎನ್ನುವವರಿದ್ದಾರೆ. ಬರುವುದಿಲ್ಲ. ಕೊಟ್ಟೆಯೊಳಗೆ ಸುತ್ತಿಕೊಂಡ ಬೇರು ಮುಂದೆಯೂ ಸುತ್ತುತ್ತಲೇ ಇರುತ್ತದೆ. ಕೊಟ್ಟೆಯನ್ನು ಸೀಳಿ ತೆಗೆದು, ಸುರುಳಿಯಾದ ಬೇರುಗಳನ್ನು ಬಿಡಿಸಿ. ಬಿಡಿಸಲಾಗದವನ್ನು ಹರಿತ ಚಾಕುವಿನಿಂದ ಕತ್ತರಿಸಿ.

ಜೂನ್ 5ರ ಸಮಾರಂಭಕ್ಕಾಗಿ ಒಣನೆಲದಲ್ಲಿ ನೆಡುವ ಅವಸರ ಬೇಡ. ಮೃಗಶಿರಾ ಮಳೆಯಲ್ಲಿ ನೆಲ ನೆನೆಯಲಿ, ಆರಿದ್ರಾ ಮಳೆಯಲ್ಲಿ ನೆಡೋಣ. ಪುನರ್ವಸು, ಪುಷ್ಯದ ಜಡಿಮಳೆಗೆ ಮೊದಲೇ ಬೇರು ಹಿಡಿದಿರಬೇಕು. ಮಳೆ ಹಿಂದೆಗೆದ ಮೇಲೆ ಬುಡದ ಸುತ್ತ ನಾಲ್ಕು ಬೆರಳು ದಪ್ಪ ದರಕು ಹರಡಿ, ಆದರೆ ಕಾಂಡಕ್ಕೆ ತಾಗಿಸಬೇಡಿ. ಮೊದಲ ಬೇಸಿಗೆಯಲ್ಲಿ ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಮ್ಮೆ ಆಳಕ್ಕೆ ಇಳಿಯುವಂತೆ ನೀರು ಕೊಡುವುದು ಲೇಸು. ಮರುವರ್ಷ ಅದರ ಚಿಂತೆ ಕಡಿಮೆ.

ಇನ್ನು, ಸಸಿ ಎಲ್ಲಿಂದ ತರುವುದು? ದಯವಿಟ್ಟು ಬೆಟ್ಟದಿಂದ ಕಿತ್ತು ತರಬೇಡಿ. ಅಲ್ಲಿಯೂ ಬರಿದು, ಇಲ್ಲಿಯೂ ಬದುಕದು. ಲಕ್ಕಿ, ಆಡುಸೋಗೆಗಳು ಮಳೆಗಾಲದಲ್ಲಿ ಗೆಲ್ಲು ಊರಿದರೆ ಚಿಗುರುತ್ತವೆ. ಬೇಲಿಗೆ ಇವು ಉತ್ತಮ, ದನ ಮುಟ್ಟುವುದಿಲ್ಲ. ಕವಳಿಯ ಬೀಜಕ್ಕೆ ಬಾಳಿಕೆ ಕಡಿಮೆ. ಹಣ್ಣು ತಿಂದ ಮಕ್ಕಳು ಬೀಜವನ್ನು ಒಣಗಿಸಿಡದೆ ಕೂಡಲೇ ಬಿತ್ತಬೇಕು. ಮುಳ್ಳಿನ ಗಿಡವಾದುದರಿಂದ ಬಾಗಿಲಿನಿಂದ ದೂರವಿರಲಿ.

ಬೆಳ್ಳಟ್ಟೆಯ ಎಲೆಯನ್ನು ಹುಳು ತಿಂದಿತೆಂದು ಯಾರಾದರೂ ಔಷಧದ ಪಂಪು ತಂದರೆ ತಡೆಯಿರಿ. ಅದು ಕಮಾಂಡರ್ ಚಿಟ್ಟೆಯ ಮರಿಯಿರಬಹುದು. ಎಲೆ ಮತ್ತೆ ಚಿಗುರುತ್ತದೆ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಇಂದು ನೆಡುವ ಸಸಿಗಳ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಮುಂದಿನ ಮೃಗಶಿರಾ ಮಳೆಯ ಹೊತ್ತಿಗೆ ಎಷ್ಟು ಉಳಿದವು, ಸತ್ತವು ಏಕೆ ಸತ್ತವು ಎಂಬುದನ್ನು ಬೇರು ಅಗೆದು ನೋಡಿ ಬರೆದು ಕಳುಹಿಸಿ. ಈಗ ಗುದ್ದಲಿಗಳನ್ನು ತೆಗೆದುಕೊಳ್ಳಿ, ಹೊರಗೆ ಹೋಗೋಣ.