ಹವ್ಯಾಸಿ ಬಂದೂಕುಗಾರನ ಲೇತು

ಕಬ್ಬಿಣ ಉಕ್ಕುಗಳನ್ನು ಮನೆಯ ಒಂದು ಮೂಲೆಯಲ್ಲಿಯೇ ಕಡೆದು ಕೊರೆದು ಬೇಕಾದ ರೂಪಕ್ಕೆ ತರುವುದು ಇಂಗ್ಲೆಂಡು ಅಮೆರಿಕಗಳಲ್ಲಿ ಅನೇಕ ವಿದ್ಯಾವಂತರ ಬಿಡುವಿನ ವ್ಯಾಸಂಗ. ಇಂಥವರಿಗಾಗಿ ‘ಮಾಡೆಲ್ ಎಂಜಿನಿಯರ್’ ಎಂಬ ಪತ್ರಿಕೆಯೊಂದು ಇಂಗ್ಲೆಂಡಿನಲ್ಲಿ ೧೮೯೮ರಷ್ಟು ಹಿಂದೆಯೇ ಹುಟ್ಟಿತು. ಅಲ್ಲಿಯ ಹವ್ಯಾಸಿಗಳಿಗೆ ಉಗಿಬಂಡಿಯ ಪುಟ್ಟ ಮಾದರಿಗಳ ಮೇಲೆ ಪ್ರೀತಿ ಹೆಚ್ಚು. ಅಮೆರಿಕದಲ್ಲಿ ಇದೇ ಹವ್ಯಾಸದ ಕವಲೊಂದು ಬಂದೂಕುಗಳ ಕಡೆಗೆ ಹರಿದಿದೆ. ತಾತನ ಕಾಲದ ಬೇಟೆಯ ಬಂದೂಕಿನಲ್ಲಿ ಮುರಿದುಹೋದ ತಿರುಪನ್ನು ಹೊಸದಾಗಿ ಮಾಡುವುದು, ಸವೆದ ಗೂಟವನ್ನು ಬದಲಾಯಿಸುವುದು, ಗುರಿಹಲಗೆಯ ಮೇಲೆ ಇನ್ನಷ್ಟು ನಿಖರವಾಗಿ ಹೊಡೆಯುವಂತೆ ಮಾಡುವುದು, ಇವು ಅವರ ಕೆಲಸಗಳು. ಅಂಥವನು ಮನೆಗೆ ಎಂಥ ಲೇತನ್ನೂ ಎಂಥ ಮಿಲ್ಲಿಂಗ್ ಯಂತ್ರವನ್ನೂ ತರಬೇಕು? ಇದೇ ಇಂದಿನ ವಿಷಯ. ಬಂದೂಕಿನ ಗೊಡವೆಯೇ ಇಲ್ಲದೆ ಗಡಿಯಾರವನ್ನೋ ಮಾದರಿ ಯಂತ್ರವನ್ನೋ ಮಾಡಬಯಸುವವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುವುದು.

ಲೇತಿಗೂ ಬಂದೂಕಿಗೂ ಇರುವ ನಂಟು ಹಳೆಯದು. ಇಂಗ್ಲೆಂಡಿನ ಜಾನ್ ವಿಲ್ಕಿನ್ಸನ್ ಎಂಬಾತನು ಗಟ್ಟಿ ಎರಕದ ಫಿರಂಗಿಯನ್ನು ಕೊರೆಯುವ ವಿಧಾನಕ್ಕೆ ೧೭೭೪ರಲ್ಲಿ ಸನ್ನದು ಪಡೆದನು. ಅದಾದ ಸ್ವಲ್ಪ ಕಾಲದಲ್ಲಿಯೇ ಅವನು ರಚಿಸಿದ ಕೊರೆಯಂತ್ರದಿಂದ ಜೇಮ್ಸ್ ವ್ಯಾಟನ ಉಗಿಯಂತ್ರಕ್ಕೆ ತಕ್ಕ ಉರುಳೆ ದೊರೆಯಿತು. ಮಿಲ್ಲಿಂಗ್ ಯಂತ್ರವಂತೂ ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಅಮೆರಿಕದ ಬಂದೂಕಿನ ಕಾರ್ಖಾನೆಗಳಲ್ಲಿಯೇ ಬೆಳೆದ ಕೂಸು. ಒಂದರ ಭಾಗ ಮತ್ತೊಂದಕ್ಕೆ ಹೊಂದಬೇಕೆಂಬ ಹಟವೇ ಅದನ್ನು ಬೆಳೆಸಿತು.

ಇನ್ನು ಆಯ್ಕೆಯ ಮಾತು. ಕೊಳ್ಳುವವನು ಸಾಮಾನ್ಯವಾಗಿ ಯಂತ್ರಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಬೆಲೆಯನ್ನೂ ವೇಗಗಳ ಸಂಖ್ಯೆಯನ್ನೂ ಹೋಲಿಸಿ ನೋಡುತ್ತಾನೆ. ಕ್ರಮ ಇದಲ್ಲ. ಮೊದಲು ಕೆಲಸವನ್ನು ಆರಿಸಬೇಕು. ಯಂತ್ರದ ಆಯ್ಕೆ ಅದರ ಹಿಂದೆ ಬರತಕ್ಕದ್ದು. ತಿರುಪು, ಗೂಟ, ಉಂಗುರಗಳಂಥ ಸಣ್ಣ ಭಾಗಗಳಿಗಾದರೆ ಏಳು ಅಂಗುಲ ಅಡ್ಡಳತೆಯ ವಸ್ತುವನ್ನು ತಿರುಗಿಸಬಲ್ಲ ಲೇತು ಸಾಕು. ೧೯೪೬ರಲ್ಲಿ ಹೊರಬಂದ ಇಂಗ್ಲೆಂಡಿನ ಮೈಫರ್ಡ್ ಎಂ.ಎಲ್.-೭ ಈ ವರ್ಗದ್ದು; ಇಂದು ಚೀನಾದಿಂದ ಬರುವ, ಸುಮಾರು ನಲವತ್ತು ಕಿಲೋ ತೂಗುವ ‘ಮಿನಿ ಲೇತು’ಗಳೂ ಇದೇ ಅಳತೆಯವು. ನಳಿಗೆಯ ಕೆಲಸವಾದರೆ ಮಾತೇ ಬೇರೆ. ಬಂದೂಕಿನ ನಳಿಗೆ ಎರಡು ಅಡಿಗಳಷ್ಟು ಉದ್ದ. ಬುಡದಲ್ಲಿ ಅನೇಕ ವೇಳೆ ಒಂದೂಕಾಲು ಅಂಗುಲದ ಹತ್ತಿರ ದಪ್ಪ. ಅದನ್ನು ಲೇತಿನ ಕದಿರಿನ ಒಳಗಿನಿಂದಲೇ ತೂರಿಸಿ ಹಿಡಿಯಬೇಕಾದರೆ ಕದಿರಿನ ರಂಧ್ರ ಅದಕ್ಕಿಂತ ಅಗಲವಾಗಿರಬೇಕು. ಅಮೆರಿಕದ ಸೌತ್ ಬೆಂಡ್ ಕಂಪನಿಯ ಒಂಬತ್ತಂಗುಲದ ಲೇತಿನಲ್ಲಿ ಈ ರಂಧ್ರ ಮುಕ್ಕಾಲು ಅಂಗುಲ. ಅದೇ ಕಂಪನಿಯ ‘ಹೆವಿ ಟೆನ್’ ಎಂಬುದರಲ್ಲಿ ಒಂದು ಅಂಗುಲ ಮತ್ತು ಎಂಟರಲ್ಲಿ ಮೂರು ಪಾಲು. ಹಳೆಯ ಹೆವಿ ಟೆನ್ನನ್ನು ಅಲ್ಲಿಯವರು ಏಕೆ ಹುಡುಕಿಕೊಂಡು ಹೋಗುತ್ತಾರೆಂಬುದಕ್ಕೆ ಇಷ್ಟೇ ಕಾರಣ ಸಾಕು.

ಎರಡನೆಯ ಗುಣ ಬಿಗಿತ. ಉಕ್ಕನ್ನು ಕಡೆಯುವಾಗ ಉಳಿಯು ಉಕ್ಕನ್ನು ಎಷ್ಟು ಬಲವಾಗಿ ಒತ್ತುವುದೋ ಉಕ್ಕೂ ಉಳಿಯನ್ನು ಅಷ್ಟೇ ಬಲವಾಗಿ ಹಿಂದಕ್ಕೆ ನೂಕುವುದು. ಆಗ ಬಾಗದೆ ನಿಲ್ಲತಕ್ಕ ಯಂತ್ರವೇ ನಿಖರವಾದ ಯಂತ್ರ. ಒಂದು ಅಂಗುಲ ಹೊರಚಾಚಿದ ಉಳಿಯನ್ನು ಎರಡು ಅಂಗುಲಕ್ಕೆ ಚಾಚಿದರೆ, ಅದೇ ಒತ್ತಡಕ್ಕೆ ಬಾಗುವುದು ಎರಡರಷ್ಟಲ್ಲ, ಎಂಟರಷ್ಟು. ಒಳಗೊರೆಯುವ ಕಂಬಿಯ ದಪ್ಪವನ್ನು ಇಮ್ಮಡಿ ಮಾಡಿದರೆ ಅದರ ಬಿಗಿತ ಹದಿನಾರು ಮಡಿ ಏರುವುದು. ಆದುದರಿಂದ ಎರಕದ ಕಬ್ಬಿಣದ ಭಾರವನ್ನು ವ್ಯರ್ಥವೆಂದು ಎಣಿಸಬಾರದು. ಹಗುರವಾದ ಲೇತಿನಲ್ಲಿ ಒಳ್ಳೆಯ ಕೆಲಸ ಆಗದೆಂದಲ್ಲ. ತೆಳುವಾದ ಸಿಬರುಗಳನ್ನು ತೆಗೆಯುತ್ತ, ಹೆಚ್ಚು ಹೊತ್ತು, ಹೆಚ್ಚು ತಾಳ್ಮೆಯಿಂದ ಮಾಡಬೇಕು.

ಮೂರನೆಯದು ತಿರುಪಿನ ಸುತ್ತುಗಳು. ಹಳೆಯ ಬಂದೂಕುಗಳಲ್ಲಿ ಒಬ್ಬೊಬ್ಬ ತಯಾರಕನದು ಒಂದೊಂದು ಪದ್ಧತಿ. ಇಂಗ್ಲೆಂಡಿನ ವಿಟ್ವರ್ತನು ೧೮೪೧ರಲ್ಲಿ ಸೂಚಿಸಿದ ಸುತ್ತಿನ ಕೋನ ೫೫ ಅಂಶ. ಅಮೆರಿಕದ ಸೆಲ್ಲರ್ಸನು ೧೮೬೪ರಲ್ಲಿ ಸೂಚಿಸಿದ್ದು ೬೦ ಅಂಶ. ಯೂರೋಪಿನ ಬಂದೂಕುಗಳಲ್ಲಿ ಮಿಲಿಮೀಟರಿನ ಲೆಕ್ಕವೂ ಉಂಟು. ಅಂಗುಲದ ಲೇತಿನಲ್ಲಿ ಮಿಲಿಮೀಟರಿನ ಸುತ್ತನ್ನು ಲೋಪವಿಲ್ಲದೆ ಕೆತ್ತುವುದಕ್ಕೆ ೧೨೭ ಹಲ್ಲುಗಳ ಚಕ್ರವೊಂದು ಬೇಕು. ಏಕೆಂದರೆ ಒಂದು ಅಂಗುಲವೆಂದರೆ ೨೫.೪ ಮಿಲಿಮೀಟರು, ಅದರ ಐದರಷ್ಟು ೧೨೭. ಲೇತಿನೊಡನೆ ಈ ಚಕ್ರ ಬರುವುದೋ ಇಲ್ಲವೋ ಎಂಬುದನ್ನು ಹಣ ಕೊಡುವ ಮೊದಲೇ ಕೇಳುವುದು ವಿವೇಕ.

ಮಿಲ್ಲಿಂಗ್ ಯಂತ್ರದ ವಿಷಯ. ೧೯೩೮ರಲ್ಲಿ ಹುಟ್ಟಿದ ಅಮೆರಿಕದ ಬ್ರಿಜ್‌ಪೋರ್ಟ್ ಈ ಜಾತಿಯಲ್ಲಿ ಹೆಸರಾದುದು. ಆದರೆ ಸುಮಾರು ಒಂದು ಟನ್ನಿನ ಯಂತ್ರಕ್ಕೆ ಎಲ್ಲ ಮನೆಗಳಲ್ಲಿಯೂ ಸ್ಥಳವಿರದು. ಕಿರಿಯ ಯಂತ್ರಗಳಲ್ಲಿ ದುಂಡುಕಂಬದವು, ಚೌಕಕಂಬದವು ಎಂದು ಎರಡು ಬಗೆ. ದುಂಡುಕಂಬದ ಮೇಲೆ ತಲೆಯನ್ನು ಏರಿಸಿ ಇಳಿಸಿದಾಗ ಅದು ಪಕ್ಕಕ್ಕೆ ತಿರುಗಿ, ಹಿಂದೆ ಗುರುತಿಸಿದ ಸ್ಥಾನ ತಪ್ಪಿಹೋಗುವುದು; ಚೌಕಕಂಬದಲ್ಲಿ ಈ ತೊಂದರೆಯಿಲ್ಲ. ಕೇವಲ ರಂಧ್ರ ಕೊರೆಯುವ ಯಂತ್ರವನ್ನು ಮಿಲ್ಲಿಂಗಿಗೆ ಹೂಡುವುದು ಎಂದಿಗೂ ಸಲ್ಲದು. ಪಕ್ಕದಿಂದ ಬೀಳುವ ಒತ್ತಡಕ್ಕೆ ಅದರ ಚಕ್ಕು ಸಡಿಲಿ ಕೆಳಗೆ ಬೀಳಬಹುದು. ಹಣ ಒಂದಕ್ಕೆ ಮಾತ್ರ ಸಾಲುವುದಾದರೆ ಮೊದಲು ಲೇತನ್ನೇ ತರಬೇಕು. ಲೇತಿನ ಮೇಲೆ ಲಂಬಜಾರುಪೀಠವೊಂದನ್ನು ಕೂಡಿಸಿ ಸಣ್ಣಪುಟ್ಟ ಮಿಲ್ಲಿಂಗನ್ನು ಸಾಗಿಸಬಹುದು. ಮಿಲ್ಲಿಂಗ್ ಯಂತ್ರವು ಲೇತಿನ ಸ್ಥಾನವನ್ನು ಸುಲಭವಾಗಿ ತುಂಬಲಾರದು. ಚಕ್ಕು, ಉಳಿ, ಮೈಕ್ರೋಮೀಟರು, ಡಯಲ್ ಗೇಜುಗಳಿಗೆ ತಗಲುವ ವೆಚ್ಚ ಕೆಲವು ಸಲ ಯಂತ್ರದ ಬೆಲೆಗೇ ಸಮನಾಗುವುದೆಂಬುದನ್ನೂ ಮರೆಯಬಾರದು.

ಹಳೆಯ ಲೇತನ್ನು ಕೊಳ್ಳುವವರು ಅದಕ್ಕೆ ಬಳಿದ ಹೊಸ ಬಣ್ಣಕ್ಕೆ ಮಾರುಹೋಗದೆ ಹಾಸನ್ನು ಪರೀಕ್ಷಿಸಬೇಕು. ಹಾಸು ಹೆಚ್ಚಾಗಿ ಸವೆಯುವುದು ಚಕ್ಕಿನ ಸಮೀಪದಲ್ಲಿ. ಅಲ್ಲಿ ಉಳಿಯ ಗಾಡಿಯನ್ನು ಅಲುಗದಂತೆ ಬಿಗಿಮಾಡಿ ದೂರದ ಕೊನೆಗೆ ತಳ್ಳಿ ನೋಡಿ; ಅಲ್ಲಿ ಅದು ಸಿಕ್ಕಿ ನಿಂತರೆ ಸವೆತ ಎಷ್ಟೆಂಬುದು ತಿಳಿಯುವುದು. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಲೇತುಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗಿಲ್ಲ. ಅದು ಮಾಡಿದ ಲೇತು ಎಲ್ಲಿಯಾದರೂ ನಮ್ಮವರ ಕೈಗೆ ಬಂದರೆ ಈ ಪರೀಕ್ಷೆ ಅದಕ್ಕೂ ಆಗಬೇಕು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದುದು, ಮಾಡಬಾರದ ಕೆಲಸದ ಮಾತು. ಮೋಟಾರು ಗಾಡಿಯ ಚಕ್ರದೊಳಗಿನ ಗಾಳಿಯ ಒತ್ತಡ ಚದರ ಅಂಗುಲಕ್ಕೆ ಸುಮಾರು ೩೦ ಪೌಂಡು. ಬೇಟೆಗಾರರಲ್ಲಿ ಬಹಳ ಬಳಕೆಯಲ್ಲಿರುವ ಥರ್ಟಿ-ಆಟ್-ಸಿಕ್ಸ್ ತೋಟಕ್ಕೆ ಅಮೆರಿಕದಲ್ಲಿ ವಿಧಿಸಿರುವ ಗರಿಷ್ಠ ಮಿತಿ ೬೦,೦೦೦ ಪೌಂಡು. ಬಂದೂಕನ್ನು ಹಾರಿಸುವವನ ಕೆನ್ನೆಯಿಂದ ಕೆಲವೇ ಅಂಗುಲಗಳ ದೂರದಲ್ಲಿ ಈ ಒತ್ತಡ ಏಳುವುದು. ಅದನ್ನು ತಡೆಯುವ ಭಾಗಗಳಲ್ಲಿ ಅಂಗುಲದ ಸಾವಿರದೊಂದು ಪಾಲಿನ ಲೆಕ್ಕ ನಡೆಯುತ್ತದೆ. ಉಕ್ಕಿನ ಜಾತಿ, ಅದಕ್ಕೆ ಕೊಟ್ಟ ಹದ, ಎರಡೂ ಕಣ್ಣಿಗೆ ಕಾಣುವಂಥವಲ್ಲ. ಇಂಗ್ಲೆಂಡಿನಲ್ಲಿ ಇದಕ್ಕಾಗಿಯೇ ನಳಿಗೆಗಳ ಪರೀಕ್ಷಾಗೃಹಗಳಿವೆ. ಲಂಡನ್ನಿನ ಬಂದೂಕುಗಾರರ ಸಂಘಕ್ಕೆ ೧೬೩೭ರಲ್ಲಿ ರಾಜಶಾಸನ ದೊರೆಯಿತು. ಬರ್ಮಿಂಗ್‌ಹ್ಯಾಮಿನ ಗೃಹ ೧೮೧೩ರದು. ಅಮೆರಿಕದಲ್ಲಿ ಇಂಥ ಕಡ್ಡಾಯದ ಪರೀಕ್ಷೆಯಿಲ್ಲ. ಅಲ್ಲಿ ಹವ್ಯಾಸಿಯ ವಿವೇಕವೇ ಪರೀಕ್ಷಾಗೃಹ. ಅವನ ತಪ್ಪಿಗೆ ಕಣ್ಣು ತೆರುವವನು ಅವನೇ ಆಗಿರಬೇಕೆಂದಿಲ್ಲ. ನಾಳೆ ಆ ಬಂದೂಕನ್ನು ಎತ್ತಿಕೊಳ್ಳುವ ಮಗನಾಗಿರಬಹುದು, ಗೆಳೆಯನಾಗಿರಬಹುದು. ಆದುದರಿಂದ ಒತ್ತಡವನ್ನು ತಡೆಯುವ ಭಾಗಗಳನ್ನು ನುರಿತ ವೃತ್ತಿಗಾರನಿಗೆ ಬಿಟ್ಟು, ತಿರುಪು, ಗೂಟ, ಹಿಡಿಯ ಕಟ್ಟುಗಳಲ್ಲಿಯೇ ತೃಪ್ತನಾಗುವ ಹವ್ಯಾಸಿಯನ್ನು ಅಂಜುಬುರುಕನೆಂದು ಯಾರೂ ಹೇಳಲಾರರು. ಹಾಗೆ ನಿಶ್ಚಯಿಸಿದವನಿಗೆ ಕಿರಿಯ ಲೇತೇ ಸಾಕಾಗುವುದರಿಂದ ಹಣವೂ ಉಳಿಯುವುದು.

ಕಾನೂನಿನ ಮಾತೂ ಉಂಟು. ಅಮೆರಿಕದಲ್ಲಿ ಪರರ ಬಂದೂಕುಗಳನ್ನು ವೃತ್ತಿಯಾಗಿ ದುರಸ್ತುಮಾಡುವವನು ೧೯೬೮ರ ಕಾನೂನಿನಂತೆ ಪರವಾನಗಿ ಪಡೆಯಬೇಕು. ಆಯಾ ಸಂಸ್ಥಾನದ ನಿಯಮಗಳು ಬೇರೆ. ಅಲ್ಲಿ ನೆಲಸಿರುವ ಕನ್ನಡಿಗರು ಇದನ್ನು ತಿಳಿದಿರಬೇಕು. ನಮ್ಮ ದೇಶದಲ್ಲಿ ೧೯೫೯ರ ಆಯುಧಗಳ ಅಧಿನಿಯಮವು ಇನ್ನೂ ಬಿಗಿಯಾದುದು. ಪರವಾನಗಿಯಿಲ್ಲದೆ ಬಂದೂಕನ್ನು ತಯಾರಿಸುವುದಿರಲಿ, ರೂಪಾಂತರಿಸುವುದೂ ದುರಸ್ತುಮಾಡುವುದೂ ಅಪರಾಧ. ಇಲ್ಲಿ ಲೇತನ್ನು ಮನೆಗೆ ತರುವವರು ಗಡಿಯಾರ, ಮಾದರಿ ಯಂತ್ರ, ವಿಜ್ಞಾನದ ಉಪಕರಣಗಳನ್ನು ಮಾಡಲಿ. ಮೇಲೆ ಹೇಳಿದ ಬಿಗಿತ, ಕದಿರು, ಹಾಸುಗಳ ವಿಚಾರ ಅವಕ್ಕೂ ಒಂದೇ.

ಯಂತ್ರದ ಮುಂದೆ ನಿಲ್ಲುವ ಮುನ್ನ ಕಣ್ಣಿಗೆ ಕನ್ನಡಕವಿರಲಿ, ತೋಳು ಮೇಲಕ್ಕೆ ಮಡಿಸಿರಲಿ, ಕೈಗವಸು ಬೇಡ, ಚಕ್ಕಿನ ಕೀಲಿಕೈ ಚಕ್ಕಿನಲ್ಲಿಯೇ ಉಳಿಯದಿರಲಿ. ಇಷ್ಟನ್ನು ನೆನಪಿನಲ್ಲಿಟ್ಟವರಿಗೆ ಈ ಹವ್ಯಾಸ ಬಹುಕಾಲ ಸಂತೋಷ ಕೊಡುವುದೆಂದು ಹಾರೈಸಿ, ನನ್ನ ಭಾಷಣವನ್ನು ಮುಗಿಸುತ್ತೇನೆ.