ಎತ್ತಿಗೂ ಬಹುಮಾನ, ಆಳಿಗೂ ಬಹುಮಾನ

(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ದನಗಳ ಜಾತ್ರೆ ನಮಗೆ ಹೊಸದಲ್ಲ. ಆದರೆ ಇಂಗ್ಲೆಂಡಿನ ಜಮೀನ್ದಾರರು ಕಟ್ಟಿದ ಜಾತ್ರೆಯ ಕಥೆ ಬೇರೆ. ಗಿರಣಿಯಲ್ಲಿ ದುಡಿಯುವವರೂ ಅಂಗಡಿ ಇಟ್ಟವರೂ ಅದನ್ನು ಕೇಳಬೇಕು.

1838ರಲ್ಲಿ ಅಲ್ಲಿ ಒಂದು ಕೃಷಿ ಸಂಘ ಹುಟ್ಟಿತು. ಮರುವರ್ಷ ಆಕ್ಸ್‌ಫರ್ಡಿನಲ್ಲಿ ಮೊದಲ ಪ್ರದರ್ಶನ. 1840ರಲ್ಲಿ ರಾಣಿಯ ಸನ್ನದು. ಜನ ಅದನ್ನು ರಾಯಲ್ ಷೋ ಎಂದರು. ವರ್ಷಕ್ಕೊಂದು ಊರಿನಲ್ಲಿ ಅದು ನಡೆಯುತ್ತಿತ್ತು. 1903ರಲ್ಲಿ ಲಂಡನ್ನಿನ ಪಾರ್ಕ್ ರಾಯಲಿನಲ್ಲಿ ಕಾಯಂ ನೆಲೆ ಹೂಡಿದರು. ಮೂರೇ ವರ್ಷದಲ್ಲಿ ನಷ್ಟವುಂಡು ಮತ್ತೆ ಊರೂರು ತಿರುಗತೊಡಗಿದರು. ವ್ಯಾಪಾರಿ ಮಿತ್ರರಿಗೆ ಇದರ ಮರ್ಮ ತಿಳಿದೀತು.

ಅದರಿಂದ ಒಳ್ಳೆಯದಾಗಲಿಲ್ಲವೆಂದು ನಾವು ಹೇಳುವುದಿಲ್ಲ. 1858ರಲ್ಲಿ ಚೆಸ್ಟರಿನಲ್ಲಿ ಜಾನ್ ಫೌಲರನ ಉಗಿ ನೇಗಿಲಿಗೆ 500 ಪೌಂಡ್ ಬಹುಮಾನ ಬಂತು. ಉಗಿಯಂತ್ರ ಹೊಲದ ಅಂಚಿನಲ್ಲಿ ನಿಂತು ತಂತಿಹಗ್ಗದಿಂದ ನೇಗಿಲನ್ನು ಎಳೆಯುತ್ತಿತ್ತು.

ನೇಗಿಲನ್ನು ಹಿಡಿದವನ ಪಾಡೇನು? ಆ ಕಾಲದ ಜಿಲ್ಲಾ ಕೃಷಿ ಸಂಘಗಳು ಹೋರಿಗೆ ಬಹುಮಾನ ಕೊಡುತ್ತಿದ್ದವು, ಹಂದಿಗೆ ಕೊಡುತ್ತಿದ್ದವು, ಜೊತೆಗೆ ಕೂಲಿಕಾರನಿಗೂ ಕೊಡುತ್ತಿದ್ದವು. ಯಾತಕ್ಕೆ? ಒಬ್ಬನೇ ಒಡೆಯನ ಬಳಿ ಬಹುಕಾಲ ದುಡಿದುದಕ್ಕೆ! ಬಡವರ ನಿಧಿಗೆ ಕೈಯೊಡ್ಡದೆ ಹೆಚ್ಚು ಮಕ್ಕಳನ್ನು ಸಾಕಿದುದಕ್ಕೆ! ಹೋರಿಯನ್ನಾದರೂ ಹೊಟ್ಟೆ ತುಂಬ ಮೇಯಿಸಿ ತರುತ್ತಿದ್ದರು. ಮೂವತ್ತು ವರ್ಷ ದುಡಿದವನಿಗೆ ಶಾಲು ಹೊದಿಸಿ, ಬೋನಸ್ ಕೇಳಿದವನಿಗೆ ಗೇಟು ತೋರಿಸುವ ಮಾಲೀಕರನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರಿಕ್‌ಷೈರ್ ಜಿಲ್ಲೆಯ ಜೋಸೆಫ್ ಆರ್ಚ್ ಎಂಬ ಕೂಲಿಕಾರ ಬೇಲಿ ಕತ್ತರಿಸುವ ಪಂದ್ಯಗಳಲ್ಲಿ ಹೆಸರು ಮಾಡಿದವನು. ಅಂಥ ಬಹುಮಾನದಿಂದ ಹೊಟ್ಟೆ ತುಂಬದೆಂದು ಅವನು ಅರಿತಿದ್ದ. 1872ರ ಫೆಬ್ರವರಿ 7ರ ರಾತ್ರಿ ವೆಲ್ಸ್‌ಬೋರ್ನ್ ಹಳ್ಳಿಯ ದೊಡ್ಡ ಮರದಡಿ, ಕಂಬಗಳಿಗೆ ಕಟ್ಟಿದ ಲಾಂದ್ರದ ಬೆಳಕಿನಲ್ಲಿ, ನೆರೆದ ಕೂಲಿಕಾರರಿಗೆ ಸಂಘ ಕಟ್ಟಿರೆಂದ. ಮುಂದಿನ ತಿಂಗಳು ಅವರು ವಾರಕ್ಕೆ 16 ಷಿಲಿಂಗ್ ಕೂಲಿ ಕೇಳಿ ಮುಷ್ಕರ ಹೂಡಿದರು. ಮೇ ತಿಂಗಳಲ್ಲಿ ರಾಷ್ಟ್ರೀಯ ಸಂಘವೇ ಎದ್ದಿತು. 1874ರಲ್ಲಿ ಪೂರ್ವದ ಜಿಲ್ಲೆಗಳ ಒಡೆಯರು ಸಂಘದವರಿಗೆ ಕೆಲಸ ನಿಲ್ಲಿಸಿ ಅದರ ಬೆನ್ನು ಮುರಿದರು. ಆದರೂ 1884ರಲ್ಲಿ ಹಳ್ಳಿಯ ಕೂಲಿಕಾರರಿಗೆ ಮತದ ಹಕ್ಕು ಬಂತು. ಮರುವರ್ಷ ಆರ್ಚ್ ಪಾರ್ಲಿಮೆಂಟಿಗೆ ಆರಿಸಿಹೋದ.

ರಾಯಲ್ ಷೋ 1963ರಲ್ಲಿ ಸ್ಟೋನ್‌ಲೀಯಲ್ಲಿ ಕಾಯಂ ಆಗಿ ತಳವೂರಿತು. ಅದು ಆರ್ಚನ ಜಿಲ್ಲೆಯೇ. 2001ರಲ್ಲಿ ಕಾಲುಬಾಯಿ ಜ್ವರದಿಂದ ಒಂದು ವರ್ಷ ನಿಂತಿತು, 2009ರಲ್ಲಿ ಕೊನೆಗೊಂಡಿತು. ದೀರ್ಘ ಸೇವೆಗೆ ಪದಕ ಕೊಡುವ ರೂಢಿ ಮಾತ್ರ ಅಲ್ಲಿನ ಕೆಲವು ಪ್ರದರ್ಶನಗಳಲ್ಲಿ ಇಂದಿಗೂ ಇದೆ.